ಓಗೊನ್ ಸೆದಾಯಿ, ಚಾ-ಶೂ-ಮೆನ್: ಕನ್ನಡದಲ್ಲಿ ಹೇಗೆ?

ಪ್ರಶ್ನೆ

ಬಲ್ಲವರಿಗೆ ನಮಸ್ಕಾರ. ಜಪಾನಿನ ಮಹಿಳಾ ಗಾಲ್ಫ್ ಕುರಿತ ಲೇಖನವೊಂದು ಕನ್ನಡಕ್ಕೆ ಬರುತ್ತಿದೆ. ಮೂರು ಕಡೆ ತೊಡಕಾಗಿದೆ. ‘ಓಗೊನ್ ಸೆದಾಯಿ’ಗೆ ‘ಸುವರ್ಣ ಪೀಳಿಗೆ’ ಸರಿಯೇ? ‘ಜೋಶಿ ಪುರೊ’ ಎಂಬುದನ್ನು ಹಾಗೆಯೇ ಬಿಡಬಹುದೇ? ಅಲ್ಲಿಯವರು ‘ಚಾ-ಶೂ-ಮೆನ್’ ಎನ್ನುತ್ತಾ ಚೆಂಡು ಹೊಡೆಯುತ್ತಾರಂತೆ. ಅದು ಒಂದು ತಿಂಡಿಯ ಹೆಸರಾದ್ದರಿಂದ ‘ಮಸಾಲೆದೋಸೆ’ ಎಂದು ಹಾಕಿದರೆ ಹೇಗೆ?

ಉತ್ತರ 1

‘ಜೋಶಿ’ ಎಂದರೆ ಹೆಂಗಸರು, ‘ಪುರೊ’ ಎಂದರೆ ವೃತ್ತಿಪರರು. ಕನ್ನಡ ಲಿಪಿಯಲ್ಲಿ ಹಾಗೆಯೇ ಬಿಟ್ಟರೆ ಧಾರವಾಡದ ಜೋಶಿಯವರು ಯಾರೋ ಗಾಲ್ಫಿಗೆ ಇಳಿದಂತೆ ಕಾಣುತ್ತದೆ. ‘ಮಹಿಳಾ ಪ್ರೊ’ ಸಾಕು.

‘ಪೀಳಿಗೆ’ ಬೇಡ. ಅದು ತಾಯಿ-ಮಗಳ ಅಂತರದ ಮಾತು. ಇಲ್ಲಿ ‘ಸೆದಾಯಿ’ ಎಂದರೆ ಒಂದೇ ಶಾಲಾವರ್ಷದವರು, ಅಂದರೆ ಏಪ್ರಿಲ್ 2ರಿಂದ ಮುಂದಿನ ಏಪ್ರಿಲ್ 1ರೊಳಗೆ ಹುಟ್ಟಿದವರು. ‘ಚಿನ್ನ’ದವರು 1998ರ ಸಾಲು. ಪ್ರೊ ಟೂರ್ನಿಯನ್ನು 2014ರಲ್ಲಿ, 15ನೇ ವಯಸ್ಸಿಗೇ, ಹವ್ಯಾಸಿಯಾಗಿ ಗೆದ್ದ ಮಿನಾಮಿ ಕಾತ್ಸು, 2019ರಲ್ಲಿ ಬ್ರಿಟಿಷ್ ಓಪನ್ ಗೆದ್ದ ಹಿನಾಕೊ ಶಿಬುನೊ ಇದರಲ್ಲಿದ್ದಾರೆ. ನಾಸಾ ಹತಾವೋಕ ಹುಟ್ಟಿದ್ದು 1999ರ ಜನವರಿಯಲ್ಲಿ, ಆದರೂ ಇದೇ ಸಾಲು. ಬರೀ ಇಸವಿ ನೋಡಿ ಬರೆಯುವವರು ಆಕೆಯನ್ನು ಹೊರಗಿಟ್ಟುಬಿಡುತ್ತಾರೆ. 2000ದ ಸಾಲಿಗೆ ‘ಪ್ಲಾಟಿನಂ’ ಎಂಬ ಹೆಸರು. 2024ರ ಎವಿಯಾನ್ ಚಾಂಪಿಯನ್‌ಶಿಪ್ ಗೆದ್ದ ಅಯಾಕಾ ಫುರುಯೆ ಅದರವರು. ನಡುವೆ ಸಿಕ್ಕಿಕೊಂಡ 1999ರವರನ್ನು ‘ಸಂದಿನವರು’ ಎಂಬರ್ಥದಲ್ಲಿ ಕರೆಯುತ್ತಾರೆ. ಟೋಕಿಯೊ ಒಲಿಂಪಿಕ್ಸಿನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದಲ್ಲಿ ಪದಕ ತಪ್ಪಿಸಿಕೊಂಡರಲ್ಲ, ಅಂದು ಬೆಳ್ಳಿ ಗೆದ್ದ ಮೊನೆ ಇನಾಮಿ ಈ ಸಂದಿನವರು. ಕನ್ನಡದಲ್ಲಿ ‘ಓರಗೆಯವರು’ ಎಂಬ ಒಳ್ಳೆಯ ಮಾತೇ ಇರುವಾಗ ‘ಚಿನ್ನದ ಓರಗೆ’ ಎನ್ನಬಹುದು. ಪತ್ರಿಕೆಗಾದರೆ ‘ಚಿನ್ನದ ಬ್ಯಾಚ್’ ಎಂದರೂ ಯಾರೂ ತಡವರಿಸುವುದಿಲ್ಲ.

ಇನ್ನು ಚಾ-ಶೂ-ಮೆನ್. ಹಂದಿಮಾಂಸದ ಹೋಳು ಹಾಕಿದ ರಾಮೆನ್, ಅಂದರೆ ಸಾರಿನಲ್ಲಿ ಬಡಿಸುವ ನೂಡಲ್ಸ್ ಇದು. ‘ಚಾಶೂ’ ಬಂದದ್ದು ಚೀನಾದ ಕ್ಯಾಂಟನ್ ಕಡೆಯಿಂದ. ಅದನ್ನು ಗಾಲ್ಫಿಗೆ ತಂದದ್ದು ತೆತ್ಸುಯಾ ಚಿಬಾ ಅವರ 1980ರ ದಶಕದ ಮಾಂಗಾ (ಜಪಾನಿ ಚಿತ್ರಕಥೆ) ‘ಅಶಿತಾ ತೆಂಕಿ ನಿ ನಾರೆ’. ಅದರ ನಾಯಕ ‘ಚಾ’ ಎನ್ನುತ್ತಾ ಕ್ಲಬ್ ಎತ್ತುತ್ತಾನೆ, ‘ಶೂ’ಗೆ ಅದು ನೆತ್ತಿಯ ಮೇಲೆ ತಲುಪುತ್ತದೆ, ‘ಮೆನ್’ ಎನ್ನುವಾಗ ಚೆಂಡಿಗೆ ಏಟು. ಅಲ್ಲಿಂದ ಮುಂದೆ ಗಾಲ್ಫ್ ಕಲಿಸುವವರ ಬಾಯಲ್ಲೂ ನೆಲೆಯಾಯಿತು.

ಇದು ತಿಂಡಿಯ ಹೆಸರಾದ್ದರಿಂದ ನಿಂತದ್ದಲ್ಲ, ಮಾತ್ರೆಯಿಂದ, ಅಂದರೆ ಉಚ್ಚರಿಸಲು ಹಿಡಿಯುವ ಹೊತ್ತಿನ ಅಳತೆಯಿಂದ ನಿಂತದ್ದು. ಜಪಾನಿ ಎಣಿಕೆಯಲ್ಲಿ ಮೂರೂ ಎರಡೆರಡು ಮಾತ್ರೆ. ಕೊನೆಯ ‘ನ್’ಗೂ ಒಂದು ಪೂರ್ತಿ ಮಾತ್ರೆ ಇದೆ. ನಮ್ಮ ಲೆಕ್ಕದಲ್ಲೂ ಮೂರು ಗುರು, ‘ಗುರುಲಘು ಮೂರಿರೆ ಮನಗಣ’ ಎಂದು ಶಾಲೆಯಲ್ಲಿ ಉರು ಹೊಡೆದ ಮಗಣ. ಒಳ್ಳೆಯ ಆಟಗಾರರು ಕ್ಲಬ್ ಎತ್ತಲು ತೆಗೆದುಕೊಳ್ಳುವ ಹೊತ್ತು ಇಳಿಸುವ ಹೊತ್ತಿನ ಸುಮಾರು ಮೂರು ಪಟ್ಟು: ಮುಕ್ಕಾಲು ಸೆಕೆಂಡ್ ಮೇಲಕ್ಕೆ, ಕಾಲು ಸೆಕೆಂಡ್ ಕೆಳಕ್ಕೆ. ‘ಮೆನ್’ ಶುರುವಾಗುವ ಹೊತ್ತಿಗೆ ನಾಲ್ಕು ಮಾತ್ರೆ ಕಳೆದಿರುತ್ತದೆ. ಅದರಲ್ಲಿ ಮೂರು ಎತ್ತುವುದಕ್ಕೆ ಹೋದರೆ ಕ್ಲಬ್ ತಿರುಗುವುದು ‘ಶೂ’ವಿನ ದೀರ್ಘದ ನಟ್ಟನಡುವೆ. ಹಾಗಾಗಿ ‘ಚಶುಮೆನ್’ ಎಂದು ಹ್ರಸ್ವ ಮಾಡಿ ಬರೆದರೆ ಲಘು-ಲಘು-ಗುರು ಆಗಿ ಆ ತಿರುವೇ ಮಾಯ. ಹಾಗೆ ಎಣಿಸಿದವರು ಕ್ಲಬ್ ಪೂರ್ತಿ ಎತ್ತುವ ಮೊದಲೇ ಭುಜದಿಂದ ಬಡಿಯುತ್ತಾರೆ, ಏಟು ಹೊರಗಿನಿಂದ ಒಳಕ್ಕೆ ಬೀಳುತ್ತದೆ, ಬಲಗೈ ಆಟಗಾರರ ಚೆಂಡು ಬಲಕ್ಕೆ ಬಾಗಿ ಹೋಗುತ್ತದೆ (ಸ್ಲೈಸ್). ನಮ್ಮ ಚಾಳಿಯಂತೆ ಉಕಾರ ಸೇರಿಸಿ ‘ಮೆನ್ನು’ ಎನ್ನುವುದೂ ಬೇಡ, ಕೊನೆಯ ಬಿಗಿ ಸಡಿಲವಾಗುತ್ತದೆ.

‘ಮಸಾಲೆದೋಸೆ’ ಇಲ್ಲಿ ಹೊಂದುವುದಿಲ್ಲ: ಮೊದಲಕ್ಷರವೇ ಲಘು, ಒಟ್ಟು ಏಳು ಮಾತ್ರೆ. ಆಡುಮಾತಿನ ‘ಬಾಳೇಕಾಯ್’ ಬೇಕಾದರೆ ಮೂರು ಗುರುವಿಗೆ ಸರಿಹೋಗುತ್ತದೆ. ಅಭ್ಯಾಸಕ್ಕೆ ಅದು ಚೆನ್ನ. ಲೇಖನದಲ್ಲಿ ಮಾತ್ರ ಚಾ-ಶೂ-ಮೆನ್ ಎಂದೇ ದೀರ್ಘ ಉಳಿಸಿ ಬರೆದು ಒಂದು ಸಾಲಿನ ವಿವರಣೆ ಕೊಡಿ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ಒಪ್ಪಿಗೆಯಿದೆ. ಲೇಖನದಲ್ಲಿ ಅಡ್ಡಹೆಸರುಗಳು ಬಂದರೆ ಇದನ್ನೂ ಗಮನಿಸಿ. ‘ಸ್ಮೈಲ್ ಕ್ಯಾಂಡಿ’, ‘ಸ್ಮೈಲಿಂಗ್ ಸಿಂಡರೆಲಾ’ ಇಬ್ಬರು ಬೇರೆ ಬೇರೆ. ಮೊದಲನೆಯವರು ಕೊರಿಯಾದ ಲೀ ಬೊ-ಮಿ, ಜಪಾನ್ ಟೂರ್‌ನ ಬಹುಮಾನದ ಹಣದ ಪಟ್ಟಿಯಲ್ಲಿ 2015, 2016ರಲ್ಲಿ ಮೊದಲಿಗರು. ಎರಡನೆಯವರು ಶಿಬುನೊ. ಕೊರಿಯಾದವರಿಗೆ ಜಪಾನಿನಲ್ಲಿ ಇಂಗ್ಲಿಷ್ ಹೆಸರು: ಅದೇ ಅದರ ಸೊಗಸು. ‘ನಗೆಮಿಠಾಯಿ’ ಎಂದು ತಿರುಗಿಸಿದರೆ ಆ ಸುಳಿವೇ ಅಳಿಸಿಹೋಗುತ್ತದೆ. ಶಿಬುನೊ ಅವರನ್ನು ಅಭಿಮಾನಿಗಳು ಕರೆಯುವುದು ‘ಶಿಬುಕೊ’ ಎಂದು: ಮನೆತನದ ಹೆಸರಿನ ತಲೆ, ಸ್ವಂತ ಹೆಸರಿನ ಬಾಲ. ಅಚ್ಚಿನ ತಪ್ಪೆಂದು ತಿದ್ದಬೇಡಿ.

ಹೆಸರಿನ ಕ್ರಮವೂ ಒಂದು ತಲೆನೋವು. ಇಂಗ್ಲಿಷ್ ವರದಿಗಳಲ್ಲಿ ಜಪಾನಿನವರ ಮನೆತನದ ಹೆಸರು ಕೊನೆಗೆ ಬರುತ್ತದೆ, ಕೊರಿಯಾದವರದು ಕೆಲವೆಡೆ ಮೊದಲಿಗೆ, ಕೆಲವೆಡೆ ಕೊನೆಗೆ ಇರುತ್ತದೆ. ಎರಡನೇ ಸಲ ಮೊಟಕಾಗಿ ಬರೆಯುವಾಗ ‘ಶಿಬುನೊ’, ‘ಲೀ’ ಎನ್ನಬೇಕು. ‘ಹಿನಾಕೊ’, ‘ಬೊ-ಮಿ’ ಅಲ್ಲ.