ಯಕ್ಷಗಾನದ ಮಹಿಷಾಸುರನ ಬಸ್ಟ್ ಮಾಡಿದ್ದೇನೆ, ಫ್ಯಾಂಟಸಿ ವಿಭಾಗಕ್ಕೆ ಇಡಬಹುದಾ?

ಪುತ್ತೂರಿನ_ಹುಡುಗ

ನಮಸ್ಕಾರ. ಇಲ್ಲಿ ಬಹಳ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಮೊದಲ ಸಲ. ಸ್ವಲ್ಪ ಉದ್ದ ಆದರೆ ಬೈಯಬೇಡಿ.

ನಾನಿರುವುದು ನೆದರ್ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ವಾರ್‌ಹ್ಯಾಮರ್ ಅನ್ನುವ ಮೇಜಿನ ಮೇಲಿನ ಯುದ್ಧದಾಟದ ಮಿನಿಯೇಚರ್‌ಗಳಿಗೆ (ಪುಟ್ಟ ಗೊಂಬೆಗಳಿಗೆ) ಬಣ್ಣ ಹಚ್ಚುತ್ತಾ ಐದು ವರ್ಷ ಆಯಿತು. ಆಟ ಆಡುವುದಿಲ್ಲ, ಬರೀ ಬಣ್ಣ. ಬೇರೆಯವರು ಮಾಡಿದ ಗೊಂಬೆಗೇ ಹಚ್ಚಿ ಹಚ್ಚಿ ಬೇಜಾರಾಗಿ ಕಳೆದ ಚಳಿಗಾಲದಲ್ಲಿ ನಾನೇ ಒಂದು ಬಸ್ಟ್ ಮಾಡಲು ಕೂತೆ. 1/10 ಅಳತೆ, ಎದೆಯಿಂದ ಮೇಲೆ. ಮಹಿಷಾಸುರ. ಅದೂ ನಮ್ಮ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ, ಅಂದರೆ ಮುಖ ತುಂಬ ಬಣ್ಣ ಬಳಿದ ರಾಕ್ಷಸ ವೇಷ. ದೇವಿ ಮಹಾತ್ಮೆ ಆಟದಲ್ಲಿ ನಡುರಾತ್ರಿ ದೊಂದಿ ಬೆಳಕಲ್ಲಿ, ರಾಳದ ಪುಡಿ ಭಗ್ ಅಂತ ಉರಿಯುತ್ತಿದ್ದಾಗ ಜನರ ಮಧ್ಯದಿಂದಲೇ ಅಬ್ಬರಿಸಿಕೊಂಡು ಬರುತ್ತಾನಲ್ಲ, ನಾನು ಅಜ್ಜನ ಪಂಚೆ ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದೆನಲ್ಲ, ಅವನೇ.

ಒಳಗೆ ತಂತಿ, ಮೇಲೆ ಪಾಲಿಮರ್ ಕ್ಲೇ. ಓವನ್‌ನಲ್ಲಿ ಬೇಯಿಸಿ, ಆಮೇಲೆ ಮುಖ ಮತ್ತು ಎದೆಯ ಆಭರಣಗಳನ್ನು ಗ್ರೀನ್ ಸ್ಟಫ್‌ನಲ್ಲಿ (ನೀಲಿ, ಹಳದಿ ಎರಡು ಭಾಗ ಕಲಸಿದರೆ ತಾನೇ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿ) ಮಾಡಿದೆ. ಕೊಂಬು, ಕಿರೀಟ ಎಲ್ಲ ಆಗಿದೆ. ಅಕ್ಟೋಬರ್‌ನಲ್ಲಿ ಇಲ್ಲೇ ಹತ್ತಿರದಲ್ಲಿ ಸ್ಕೇಲ್ ಮಾಡೆಲ್ ಚಾಲೆಂಜ್ ಅನ್ನುವ ಮಾಡೆಲ್ ಸ್ಪರ್ಧೆ ನಡೆಯುತ್ತದೆ, ಅದಕ್ಕೆ ಇಡೋಣ ಅಂತ ಆಸೆ. ಆದರೆ ಮುಖದ ಚಿಟ್ಟಿ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ನಿಜವಾದ ವೇಷದಲ್ಲಿ ಅಕ್ಕಿ ಹಿಟ್ಟು, ಸುಣ್ಣ ಕಲಸಿ ಸಾಲಾಗಿ ಇಡುತ್ತಾರೆ, ಉಬ್ಬಿಕೊಂಡಿರುತ್ತದೆ. ನಾನು ಗ್ರೀನ್ ಸ್ಟಫ್‌ನಲ್ಲಿ ಒಂದೊಂದೇ ಉಂಡೆ ಮಾಡಿ ಇಟ್ಟರೆ ಮುಖಕ್ಕೆ ಸಿಡುಬು ಬಂದ ಹಾಗೆ ಕಾಣುತ್ತಿದೆ. ಹೆಂಡತಿ ನೋಡಿ ನಕ್ಕಳು.

ಇನ್ನೊಂದು ಚಿಂತೆ. ತೀರ್ಪುಗಾರರಿಗೆ ಯಕ್ಷಗಾನ ಅಂದರೆ ಏನು ಅಂತಲೇ ಗೊತ್ತಿರುವುದಿಲ್ಲ. ಇದು ಫ್ಯಾಂಟಸಿ ವಿಭಾಗವಾ, ಹಿಸ್ಟಾರಿಕಲ್ ವಿಭಾಗವಾ? ಆಭರಣಕ್ಕೆ ಮೆಟಾಲಿಕ್ ಬಣ್ಣ ಹಚ್ಚಲಾ, ಅಥವಾ ಎಲ್ಲರೂ ಮಾಡುವ ಹಾಗೆ ಸಾಧಾರಣ ಹಳದಿ, ಕಂದು ಬಣ್ಣದಲ್ಲೇ ಚಿನ್ನದ ಹೊಳಪು ಬರೆಯಲಾ? ಗೋಲ್ಡನ್ ಡೀಮನ್‌ಗೂ ಕಳಿಸಬಹುದಾ?

ಎರಡನೇ_ನಂಬರ್_ಬ್ರಷ್

ಮೊದಲು ಸುಲಭದ ಉತ್ತರ. ಗೋಲ್ಡನ್ ಡೀಮನ್ ಆಗುವುದಿಲ್ಲ. ಅದು ವಾರ್‌ಹ್ಯಾಮರ್ ಮಾಡುವ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಿಂದ ನಡೆಸುತ್ತಿರುವ ಸ್ಪರ್ಧೆ. ಅವರದೇ ಗೊಂಬೆ, ಅವರದೇ ಲೋಕದ ಪಾತ್ರಗಳಿರಬೇಕು. ನೀವೇ ಕೈಯಾರೆ ಮಾಡಿದರೂ ಅದು ಅವರ ಕಥೆಯ ಒಳಗಿನದಾಗಿರಬೇಕು. ಮಹಿಷಾಸುರನನ್ನು ಅವರ ಕಥೆಯ ಕೇಯಾಸ್ ಡೀಮನ್ (ಒಂದು ಬಗೆಯ ರಾಕ್ಷಸ) ಅಂತ ಹೇಳಿ ದಾಟಿಸಬಹುದೇನೋ, ಆದರೆ ನಿಮ್ಮ ಅಜ್ಜ ಒಪ್ಪುವುದಿಲ್ಲ :)

ನೀವು ಹೇಳಿದ ಸ್ಕೇಲ್ ಮಾಡೆಲ್ ಚಾಲೆಂಜ್ ಬೇರೆ ಲೆಕ್ಕ, ಅದು ಓಪನ್ ಪದ್ಧತಿ. ಗೋಲ್ಡನ್ ಡೀಮನ್‌ನಲ್ಲಿ ವಿಭಾಗಕ್ಕೆ ಒಂದು ಚಿನ್ನ, ಒಂದು ಬೆಳ್ಳಿ, ಒಂದು ಕಂಚು, ಎಲ್ಲಕ್ಕಿಂತ ಮೇಲೆ ಒಬ್ಬರಿಗೆ ಸ್ಲೇಯರ್ ಸ್ವೋರ್ಡ್. ಓಪನ್ ಪದ್ಧತಿಯ ಶೋಗಳಲ್ಲಿ ಪಕ್ಕದವನ ಜೊತೆ ಹೋಲಿಸುವುದಿಲ್ಲ, ನಿಮ್ಮ ಕೆಲಸ ಯಾವ ಮಟ್ಟದಲ್ಲಿದೆ ಅಂತ ನೋಡಿ ಪದಕ ಕೊಡುತ್ತಾರೆ. ಹತ್ತು ಜನ ಚೆನ್ನಾಗಿ ಮಾಡಿದ್ದರೆ ಹತ್ತು ಜನಕ್ಕೂ ಚಿನ್ನ. ಹಾಗಾಗಿ ಯಾರಿಗೆ ಯಕ್ಷಗಾನ ಗೊತ್ತು ಅನ್ನುವ ಭಯ ಬಿಡಿ. ಅವರು ನೋಡುವುದು ಕೈಕೆಲಸ.

ಕೈಕೆಲಸ ಅಂದೆನಲ್ಲ, ಅಲ್ಲೇ ಸ್ವಂತ ಶಿಲ್ಪ ಮಾಡುವವರು ಸಿಕ್ಕಿಬೀಳುವುದು. ಕೊಂಡ ಗೊಂಬೆಯಲ್ಲಿ ಮೇಲ್ಮೈ ನಯವಾಗಿಯೇ ಬರುತ್ತದೆ. ನಮ್ಮದರಲ್ಲಿ ಬೆರಳಚ್ಚು, ಗುಳಿ, ಧೂಳು ಎಲ್ಲ ಇರುತ್ತದೆ, ಬಣ್ಣ ಹಚ್ಚಿದ ಮೇಲೇ ಕಾಣುತ್ತದೆ. ನಾನು ಮೊದಲ ಸಲ ಒಂದು ಶೋಗೆ ಇಟ್ಟಾಗ ಮೂರು ತಿಂಗಳು ಮುಖಕ್ಕೆ ಬಣ್ಣ ಹಚ್ಚಿದ್ದೆ. ತೀರ್ಪುಗಾರರೊಬ್ಬರು ಟಾರ್ಚ್ ಹಾಕಿ ನೋಡಿ ಕಿವಿಯ ಹಿಂದೆ ಇದೇನು ಅಂತ ಕೇಳಿದರು. ನನ್ನ ಹೆಬ್ಬೆರಳಿನ ಗುರುತು!

ಈಗಲೇ ತೆಳ್ಳಗೆ ಬೂದು ಪ್ರೈಮರ್ ಒಂದು ಕೋಟ್ ಹೊಡೆಯಿರಿ, ಬಣ್ಣಕ್ಕಲ್ಲ, ತಪ್ಪು ಕಾಣಲು. ಆಮೇಲೆ 600, 1000 ನಂಬರ್ ಉಪ್ಪುಕಾಗದ, ನೀರು ಹಾಕಿ ಉಜ್ಜುವುದು. ಗ್ರೀನ್ ಸ್ಟಫ್ ಉಜ್ಜಿದರೆ ರಬ್ಬರ್ ಥರ ನಾರುನಾರಾಗಿ ಏಳುತ್ತದೆ. ಆ ಜಾಗಕ್ಕೆ ಮಿಲಿಪುಟ್ (ಇನ್ನೊಂದು ಬಗೆಯ ಎಪಾಕ್ಸಿ ಪುಟ್ಟಿ) ನೀರಲ್ಲಿ ಕಲಸಿ ತೆಳ್ಳಗೆ ಸವರಿ, ಅದು ಚೆನ್ನಾಗಿ ಉಜ್ಜಿಸಿಕೊಳ್ಳುತ್ತದೆ. ಮುಂದಿನ ಸಲ ಎರಡನ್ನೂ ಅರ್ಧರ್ಧ ಬೆರೆಸಿ ನೋಡಿ. ಹಾಂ, ಪಟ್ಟಿಯ ಹಾಗೆ ಬರುವ ಗ್ರೀನ್ ಸ್ಟಫ್‌ನಲ್ಲಿ ನೀಲಿ, ಹಳದಿ ಒಂದಕ್ಕೊಂದು ತಾಗಿರುವ ಗೆರೆ ಮೊದಲೇ ಗಟ್ಟಿಯಾಗಿರುತ್ತದೆ. ಅದನ್ನು ಕತ್ತರಿಸಿ ಬಿಸಾಕದಿದ್ದರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

ಚಿಟ್ಟಿಗೆ ಉಂಡೆ ಬೇಡ. ಲೆಕ್ಕ ಹಾಕಿ. 1/10ರಲ್ಲಿ ತಲೆ ಎರಡೂಕಾಲು ಸೆಂಟಿಮೀಟರ್ ಇರುತ್ತದೆ. ನಿಜದ ಮುಖದ ಮೇಲೆ ಐದು ಮಿಲಿಮೀಟರ್ ಇರುವ ಚಿಟ್ಟಿ ನಿಮ್ಮ ಬಸ್ಟ್ ಮೇಲೆ ಅರ್ಧ ಮಿಲಿಮೀಟರ್ ಆಗಬೇಕು. ಉಂಡೆ ಕಟ್ಟಿ ಅಷ್ಟು ಚಿಕ್ಕದು ಮಾಡುವುದು ಕಷ್ಟ, ಎಲ್ಲ ಒಂದೇ ಅಳತೆಗೆ ಬರುವುದು ಇನ್ನೂ ಕಷ್ಟ. ಮುಖದ ಬಣ್ಣ ಪೂರ್ತಿ ಮುಗಿಸಿ, ಕೊನೆಯಲ್ಲಿ ದಪ್ಪ ಅಕ್ರಿಲಿಕ್ ಜೆಲ್‌ಗೆ ಬಿಳಿ ಬಣ್ಣ ಕಲಸಿ ಸೂಜಿ ತುದಿಯಲ್ಲಿ ಇಡಿ. ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ವೇಷಧಾರಿಗಳು ಕಡ್ಡಿಯಲ್ಲಿ ಇಡುವುದೂ ಹೀಗೇ ಅಲ್ವಾ?

ಮಣ್ಣುಮುದ್ದೆ

ಬ್ರಷ್ ಅವರು ಹೇಳಿದ್ದೆಲ್ಲ ಸರಿ, ಆದರೆ ಅದಕ್ಕೂ ಮೊದಲಿನ ಪ್ರಶ್ನೆ ಯಾರೂ ಕೇಳಲಿಲ್ಲ. ಮಾರಾಯ್ರೆ, ನೀವು ಮಾಡಿದ್ದು ಮಹಿಷಾಸುರನನ್ನಾ, ಮಹಿಷಾಸುರನ ವೇಷ ಹಾಕಿದ ಮನುಷ್ಯನನ್ನಾ?

ತಮಾಷೆಗೆ ಕೇಳುತ್ತಿಲ್ಲ. ಎಲ್ಲವೂ ಇದರ ಮೇಲೆ ನಿಂತಿದೆ. ಅಸುರನೇ ಆದರೆ ಆ ಕೊಂಬು ತಲೆಬುರುಡೆಯಿಂದ ಬೆಳೆದದ್ದು, ಬುಡದಲ್ಲಿ ಚರ್ಮ ಸುಕ್ಕುಗಟ್ಟಬೇಕು, ಉಂಗುರ ಉಂಗುರವಾಗಿ ಕೋಣನ ಕೊಂಬಿನ ಗೆರೆ ಬೇಕು. ಕೆಂಪು ಅವನ ಚರ್ಮದ್ದೇ ಬಣ್ಣ, ಚಿಟ್ಟಿ ಅವನ ಮೈಯ ಮುಳ್ಳು. ಆಗ ಅದು ಫ್ಯಾಂಟಸಿ, ಅನುಮಾನವೇ ಇಲ್ಲ. ವೇಷವಾದರೆ ಕೊಂಬು ಕಟ್ಟಿಕೊಂಡದ್ದು, ಚಿನ್ನ ಅಂದರೆ ಮರದ ಮೇಲೆ ಅಂಟಿಸಿದ ಬೇಗಡೆ, ಕೆಂಪು ಅಂದರೆ ಎಣ್ಣೆಯಲ್ಲಿ ಕಲಸಿದ ಬಣ್ಣ, ಅದರ ಕೆಳಗೆ ಬೆವರುತ್ತಿರುವ ಒಬ್ಬ ಮನುಷ್ಯ. ಅದು ಹಿಸ್ಟಾರಿಕಲ್ ಕಡೆ ಹೋಗುತ್ತದೆ.

ನಿಮ್ಮ ಚಿಟ್ಟಿ ಸಿಡುಬಿನ ಹಾಗೆ ಕಾಣುತ್ತಿರುವುದು ಅಳತೆ ದೊಡ್ಡದಾಗಿ ಅಲ್ಲ ಅಂತ ನನ್ನ ಅಭಿಪ್ರಾಯ. ಚರ್ಮದ ಮೇಲೆ ಇಟ್ಟದ್ದಾ, ಚರ್ಮದಿಂದಲೇ ಬಂದದ್ದಾ ಅಂತ ನಿಮಗೇ ತೀರ್ಮಾನ ಆಗಿಲ್ಲ. ಅದು ಕೈಯಲ್ಲಿ ಕಾಣುತ್ತಿದೆ.

ಬೇಗಡೆ ಅಂದೆನಲ್ಲ, ಮೆಟಲ್ ಬಗ್ಗೆಯೂ ಹೇಳಿಬಿಡುತ್ತೇನೆ. ಬರೆದ ಹೊಳಪು ಒಂದು ಕಡೆಯಿಂದ ನೋಡಲು ಚೆಂದ. ಫೋಟೋಗೆ ಹೇಳಿ ಮಾಡಿಸಿದ್ದು. ಬಸ್ಟ್ ಸುತ್ತ ಜನ ತಿರುಗಿ ನೋಡುತ್ತಾರೆ, ಪಕ್ಕಕ್ಕೆ ಹೋದ ಕೂಡಲೇ ಹೊಳಪು ತಪ್ಪು ಜಾಗದಲ್ಲಿರುತ್ತದೆ. ಮೆಟಾಲಿಕ್ ಹಚ್ಚಿ, ನೆರಳಿಗೆ ಮಾತ್ರ ಹೊಳಪಿಲ್ಲದ ಕಂದು ಬಣ್ಣ ತೆಳ್ಳಗೆ ಮತ್ತೆ ಮತ್ತೆ ಎಳೆಯಿರಿ.

ಎರಡನೇ_ನಂಬರ್_ಬ್ರಷ್

ಮೆಟಲ್ ವಿಷಯಕ್ಕೆ ನಾನು ಒಪ್ಪುವುದಿಲ್ಲ. ನುರಿತವರು ಬಸ್ಟ್ ಮೇಲೂ ಬರೆದ ಹೊಳಪಿನಲ್ಲೇ ಚಿನ್ನ ಗೆದ್ದಿದ್ದಾರೆ. ಆದರೆ ಮೊದಲ ಸ್ಪರ್ಧೆಗೆ ಬೇಡ ಅನ್ನುವುದಾದರೆ ಸರಿ. ವೇಷವಾ ಅಸುರನಾ ಅನ್ನುವ ಮಾತು ಮಾತ್ರ ನನಗೂ ಹೊಳೆದಿರಲಿಲ್ಲ.

ಪುತ್ತೂರಿನ_ಹುಡುಗ

ಮಣ್ಣುಮುದ್ದೆಯವರೇ, ನಿಮ್ಮ ಪ್ರಶ್ನೆ ಓದಿ ಎರಡು ದಿನ ಬಸ್ಟ್ ಮುಟ್ಟಲಿಲ್ಲ. ಸುಮ್ನೆ ಮೇಜಿನ ಮೇಲೆ ಇಟ್ಟು ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ ಕೊಂಬಿನ ಬುಡದಲ್ಲಿ ಚರ್ಮದ ಸುಕ್ಕೂ ಮಾಡಿದ್ದೇನೆ, ಕಿವಿಯ ಹತ್ತಿರ ಕಟ್ಟಿದ ದಾರವನ್ನೂ ಮಾಡಿದ್ದೇನೆ. ಎರಡೂ!

ಆದರೆ ಅಂದು ಅಜ್ಜನ ಪಂಚೆ ಹಿಡಿದುಕೊಂಡಾಗ ನನಗೆ ಅವನು ವೇಷ ಅಂತ ಗೊತ್ತಿರಲಿಲ್ಲ. ಅದೇ ಬೆಳಿಗ್ಗೆ ಚೌಕಿಯಲ್ಲಿ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಾ ಬೀಡಿ ಸೇದುತ್ತಿದ್ದವನನ್ನು ನೋಡಿದ್ದೂ ನೆನಪಿದೆ. ಇವೆರಡನ್ನೂ ಒಂದೇ ಮುಖದಲ್ಲಿ ತರಲು ಆಗುವುದೇ ಇಲ್ಲವಾ?

ದೊಂದಿ_ಬೆಳಕು

ಆಗುತ್ತದೆ, ಬೆಳಕಿನಿಂದ. ನೀವೇ ಮೊದಲ ಪೋಸ್ಟಲ್ಲಿ ದೊಂದಿ ಅಂದಿದ್ದೀರಿ, ಯಾರೂ ಅದನ್ನು ಹಿಡಿದುಕೊಳ್ಳಲಿಲ್ಲ. ಒಂದು ಕಡೆ ಕೆಳಗಿನಿಂದ ಕಿತ್ತಳೆ ಬೆಳಕು ಬೀಳಲಿ. ಆ ಬದಿ ಅಸುರ. ಇನ್ನೊಂದು ಬದಿ ಬೆಳಗಿನ ತಣ್ಣಗಿನ ಬೆಳಕು, ಬಣ್ಣ ಅರ್ಧ ಒರೆಸಿದ ಕೆನ್ನೆ, ಕತ್ತಿನ ಹತ್ತಿರ ಮನುಷ್ಯನ ಚರ್ಮ. ಕೊಂಬಿನ ಸುಕ್ಕು ಒಂದು ಬದಿ, ದಾರ ಇನ್ನೊಂದು ಬದಿ.

ಕಷ್ಟದ ಕೆಲಸ, ಮೊದಲೇ ಹೇಳುತ್ತೇನೆ. ದೊಂದಿ ಬೆಳಕು ಅಂದ ಕೂಡಲೇ ಎಲ್ಲರೂ ಕಿತ್ತಳೆ ಬಳಿಯುತ್ತಾರೆ. ಬೆಳಕು ಕಾಣುವುದು ಸುತ್ತಲಿನದು ಕತ್ತಲಾಗಿದ್ದರೆ ಮಾತ್ರ. ಬೆಳಕು ಬೀಳುವ ಜಾಗವನ್ನು ಮೊದಲು ಬಿಳಿ ಪ್ರೈಮರ್‌ನಲ್ಲಿ ಅದೇ ದಿಕ್ಕಿನಿಂದ ಹೊಡೆದುಕೊಳ್ಳಿ, ಉಳಿದದ್ದು ಕಪ್ಪಾಗಿರಲಿ, ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಬಣ್ಣ ಹಚ್ಚುವಾಗ ದಾರಿ ತಪ್ಪಿದರೆ ಆ ಫೋಟೋ ನೋಡಿ. ಮಧ್ಯೆ ಮಧ್ಯೆ ಮೊಬೈಲಲ್ಲಿ ಕಪ್ಪು ಬಿಳುಪು ಮಾಡಿ ನೋಡುವುದೂ ಒಳ್ಳೆಯದು. ಆಗಲೂ ಬೆಳಕು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಬೇಕು.

ಮಣ್ಣುಮುದ್ದೆ

ಒಳ್ಳೆಯ ಉಪಾಯ. ಹಾಗಾದರೆ ಚಿಟ್ಟಿ ಎರಡೂ ರೀತಿ ಬೇಕು. ಅಸುರನ ಬದಿಗೆ ಮೊನಚಾಗಿ, ಚರ್ಮಕ್ಕೆ ಬೆಸೆದ ಹಾಗೆ, ಗ್ರೀನ್ ಸ್ಟಫ್‌ನಲ್ಲೇ. ಮನುಷ್ಯನ ಬದಿಗೆ ಜೆಲ್, ಅಲ್ಲಲ್ಲಿ ನಾಲ್ಕು ಉದುರಿ ಬಿದ್ದು ಗುರುತು ಮಾತ್ರ ಉಳಿದಿರಲಿ. ವಿಭಾಗ ಫ್ಯಾಂಟಸಿ ಓಪನ್ (ಶಿಲ್ಪ, ಬಣ್ಣ ಎರಡನ್ನೂ ನೋಡುವ ವಿಭಾಗ) ಅಂತಲೇ ಬರೆಯಿರಿ, ಸ್ವಂತ ಶಿಲ್ಪ ಅಲ್ವಾ, ಬರೀ ಬಣ್ಣದ ವಿಭಾಗಕ್ಕೆ ಹಾಕಿದರೆ ಅಷ್ಟು ಕೆಲಸ ಲೆಕ್ಕಕ್ಕೇ ಬರುವುದಿಲ್ಲ. ಪ್ಲಿಂತ್‌ಗೆ (ಬಸ್ಟ್ ಕೂರಿಸುವ ಪೀಠಕ್ಕೆ) ಈಗಲೇ ಟೇಪ್ ಸುತ್ತಿ, ಬಣ್ಣದ ಕೈ ತಾಗುತ್ತದೆ.

ಪುತ್ತೂರಿನ_ಹುಡುಗ

ಎಡಕೆನ್ನೆಯ ಚಿಟ್ಟಿ ಎಲ್ಲ ಕೆರೆದು ತೆಗೆದೆ. ಕಿವಿಯ ಹಿಂದೆ ಟಾರ್ಚ್ ಹಾಕಿಯೂ ನೋಡಿದೆ. ಹೆಬ್ಬೆರಳು ಅಲ್ಲ, ತೋರುಬೆರಳು. ಉಪ್ಪುಕಾಗದ ತರಲು ಹೊರಟೆ.