ನನ್ನ ಕ್ರಿಶ್ಚಿಯನ್ ದೋಸ್ತನ ಲೆಕ್ಕದಾಗ ನಾ ನರಕಕ್ಕ ಹೋಗಾಂವ ಏನ್ರಿ?

ಗೋಕುಲ್‌ರೋಡ್_ಹುಡ್ಗ
ಎಲ್ಲಾರಿಗೂ ನಮಸ್ಕಾರ್ರಿ. ಜಗಳಾ ಹಚ್ಚಾಕ ಬಂದಿಲ್ಲ, ಮೊದಲ ಹೇಳಿಬಿಡ್ತೀನಿ. ನಾ ಲಿಂಗಾಯತರ ಮನಿ ಹುಡುಗ, ಹುಬ್ಬಳ್ಳ್ಯಾಗ ಒಂದ್ ವರ್ಕ್‌ಶಾಪ್‌ನ್ಯಾಗ ಕೆಲಸ ಮಾಡ್ತೀನಿ. ಸಾಲ್ಯಾಗಿಂದ ಒಬ್ಬ ಕ್ರಿಶ್ಚಿಯನ್ ದೋಸ್ತ ಅದಾನ, ಕ್ರಿಸ್‌ಮಸ್‌ಗೆ ನಾ ಅವರ ಮನ್ಯಾಗ ಉಣ್ಣೂದು, ಸೀಗಿ ಹುಣ್ಣಿವಿಗೆ ಅಂವ ನಮ್ಮ ಹೊಲಕ್ಕ ಬಂದು ಶೇಂಗಾ ಹೋಳಗಿ ತಿನ್ನೂದು, ಹಂಗ ಬೆಳದೀವಿ. ಹೋದ ತಿಂಗಳ ಅವರವ್ವಗ ಆರಾಮ ಇರಲಿಲ್ಲಂತ ಮನ್ಯಾಗ ಪ್ರಾರ್ಥನಾ ಕೂಟ ಇಟ್ಟಿದ್ರು, ನಾನೂ ಹೋಗಿದ್ದೆ. ಹೊರಗಿಂದ ಬಂದ ಪಾಸ್ಟರ್ ಒಬ್ರು ಪ್ರಸಂಗ ಮಾಡಿದ್ರು. ಯೇಸುನ್ನ ನಂಬಲಾರದಾಂವ ಎಷ್ಟ ಒಳ್ಳ್ಯಾಂವ ಇದ್ರೂ ಬೆಂಕಿ ಕೆರಿಗೇ ಹೋಗ್ತಾನ, ಅಲ್ಲಿ ಹುಳಾ ಸಾಯೂದಿಲ್ಲ ಬೆಂಕಿ ಆರೂದಿಲ್ಲ, ಯಾವತ್ತೂ ಬಿಡುಗಡಿ ಇಲ್ಲ ಅಂದ್ರು. ಎಲ್ಲಾರೂ ಆಮೆನ್ ಅಂದ್ರು, ನನ್ನ ದೋಸ್ತನೂ ಅಂದ.

ವಾಪಸ್ ಬರೂಮುಂದ ಬೈಕ್ ಮ್ಯಾಲೆ ಕೇಳಿದೆ, ಹಂಗಾರ ನಮ್ಮಜ್ಜ ಈಗ ಎಲ್ಲದಾನಪಾ ಅಂತ. ಬಿಡೋ ಮಾರಾಯಾ ಆ ಮಾತ ಬ್ಯಾಡ ಅಂದ, ಅಷ್ಟ.

ನಂಗ ಸಿಟ್ಟೇನಿಲ್ರಿ ಆದ್ರ ತಲ್ಯಾಗ ಕುಂತುಬಿಟ್ಟೈತಿ. ಖರೇನ ನಂಬಿದ್ದಾಂವ ಇದ್ರ ಇಷ್ಟ ವರ್ಷದಾಗ ಒಮ್ಮೆನೂ ನಂಗ ಎಚ್ಚರಿಕಿ ಯಾಕ ಕೊಡಲಿಲ್ಲ? ನಂಬೂದಿಲ್ಲ ಅಂದ್ರ ಆಮೆನ್ ಯಾಕ ಅಂದ? ಕ್ರಿಶ್ಚಿಯನ್ನರೆಲ್ಲಾ ಇದನ್ನ ನಂಬತಾರೋ ಆ ಪಾಸ್ಟರ್ ಅಷ್ಟೋ? ತಿಳಿದವ್ರು ಹೇಳ್ರಿ.

ಕೇಶ್ವಾಪುರ_ವಿಶ್ವಾಸಿ
ಬ್ರದರ್, ಸುತ್ತಬಳಸಿ ಹೇಳೂದಿಲ್ಲ. ಹೌದು, ನಾವ ಹಂಗ ನಂಬತೀವಿ. ಬೈಬಲ್‌ನ್ಯಾಗ ಮತ್ತಾಯ 25:46 ತಗದ ನೋಡ್ರಿ, ಜೀವಾನೂ ನಿತ್ಯ, ದಂಡನೆನೂ ನಿತ್ಯ, ಒಂದ ವಾಕ್ಯದಾಗ ಎರಡೂ ಅದಾವ. ಸ್ವರ್ಗಕ್ಕ ಕೊನಿ ಇಲ್ಲ ಅಂತ ಖುಷಿಪಟ್ಟು ನರಕಕ್ಕ ಮಾತ್ರ ಕೊನಿ ಐತಿ ಅನ್ನಾಕ ಬರೂದಿಲ್ಲ. ಆದ್ರ ಇದು ನಾವು ಒಳ್ಳ್ಯಾರು ನೀವು ಕೆಟ್ಟವ್ರು ಅನ್ನೂ ಲೆಕ್ಕ ಅಲ್ಲ, ರೋಮಾಪುರದವರಿಗೆ ಬರದ ಪತ್ರದಾಗ 3:23 ಎಲ್ಲಾರೂ ಪಾಪ ಮಾಡ್ಯಾರ ಅಂತೈತಿ, ಎಲ್ಲಾರು ಅಂದ್ರ ನಾನೂ ಅದರಾಗ ಬಂದೆ. ನಾ ಪಾರಾಗಿದ್ರ ಅದು ನನ್ನ ಒಳ್ಳೇತನಕ್ಕಲ್ಲ, ಶಿಲುಬಿ ಮ್ಯಾಲೆ ಬ್ಯಾರೆದವರು ನನ್ನ ಸಾಲಾ ತೀರಿಸಿದ್ದಕ್ಕ.

ನಮ್ಮಪ್ಪ ನಂಬಲಾರದ ತೀರಿಕೊಂಡ್ರು. ಎಷ್ಟೋ ರಾತ್ರಿ ಅದ ವಿಚಾರ ಬರತೈತಿ. ನಂಗ ಸಂಕಟ ಆಗತೈತಿ ಅಂತ ದೇವರ ವಾಕ್ಯ ತಿದ್ದಾಕ ಬರತೈತೇನ್ರಿ? ನಿಮ್ಮ ದೋಸ್ತ ಹೇಳಲಿಲ್ಲ ಅಂದ್ರ ಪ್ರೀತಿ ಇಲ್ಲಂತಲ್ಲ, ಹೇಳಿದ್ರ ನೀವು ದೂರ ಆಗ್ತೀರಿ ಅಂತ ಹೆದರಿರಬೇಕು. ಹೆದರಬಾರದಾಗಿತ್ತು.

ಗದಗ್_ಎಕ್ಸ್‌ಪ್ರೆಸ್
ಇದಕ್ಕೆಲ್ಲಾ ಯಾಕ ತಲಿ ಕೆಡಿಸ್ಕೋತೀಯೋ ತಮ್ಮಾ, ಆಚಾರನ ಸ್ವರ್ಗ ಅನಾಚಾರನ ನರಕ ಅಂತ ನಮ್ಮ ಬಸವಣ್ಣನವರು 12ನೇ ಶತಮಾನದಾಗ ಮುಗಿಸಿ ಹೋಗ್ಯಾರ. ಸತ್ತ ಮ್ಯಾಲಿನ ಬೆಂಕಿ ಬಿಡು, ಎಪ್ರಿಲ್‌ನ್ಯಾಗ ಗದಗ ಬಸ್‌ಸ್ಟ್ಯಾಂಡಿಗೆ ಬಾ ತೋರಸ್ತೀನಿ 😀

ಹಳೇಮಾಸ್ತರ್_ಧಾರವಾಡ
ಗದಗದ ತಮ್ಮಗ ನಗು ಬಂತು, ಬರ್ಲಿ. ಕೇಳಿದ ಹುಡುಗಗ ನಾ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅನ್ನೂ ಪ್ರೊಟೆಸ್ಟಂಟ್ ಚರ್ಚಿನವ್ರು, ಸ್ವಿಟ್ಜರ್ಲೆಂಡಿಂದ ಬಂದ ಹಳೇ ಬಾಸೆಲ್ ಮಿಶನ್ ಕಡೆ ಮನೆತನ.

ಕ್ರೈಸ್ತರೆಲ್ಲಾ ಒಂದ ನಂಬತಾರ ಅನ್ನೂದು ಮೊದಲ ಬಿಡ್ರಿ. ಕೇಶ್ವಾಪುರದವರು ಹೇಳಿದ ವಾದ ಭಾಳ ಹಳೇದು, ನಿತ್ಯ ಅಂದ್ರ ಎರಡೂ ಕಡೆ ನಿತ್ಯನ ಅಂತ ಐದನೇ ಶತಮಾನದಾಗ ಬಿಷಪ್ ಅಗಸ್ಟೀನ್ ಬರದಾನ, ಹೆಚ್ಚಿನ ಚರ್ಚುಗಳು ಅದನ್ನ ಹಿಡಕೊಂಡು ಬಂದಾವ. ಆದ್ರ ಅದ ಮತ್ತಾಯದಾಗ 10:28ಕ್ಕ ಹೋದ್ರ ಆತ್ಮ ದೇಹ ಎರಡನ್ನೂ ನರಕದಾಗ ನಾಶ ಮಾಡೂ ಮಾತದ. ನಾಶ ಅಂದ್ರ ಇಲ್ಲದಂಗ ಆಗೂದು, ಕಡೀತನಕ ಸುಡೂದಲ್ಲ ಅನ್ನೋರು ಅದಾರ. ಸೆವೆಂತ್ ಡೇ ಅಡ್ವೆಂಟಿಸ್ಟರು ಹಂಗ ನಂಬತಾರ, ಬೈಬಲ್ ಮಾತನ್ನ ಗಟ್ಟಿ ಹಿಡಿಯೂ ಇವ್ಯಾಂಜಲಿಕಲ್ ಪ್ರೊಟೆಸ್ಟಂಟರೊಳಗ ದೊಡ್ಡ ಹೆಸರಾಗಿದ್ದ ಇಂಗ್ಲೆಂಡಿನ ಜಾನ್ ಸ್ಟಾಟ್ ಅವರೂ 1988ರಾಗ ಆ ಕಡೆ ವಾಲಿದ್ರು, ಆವಾಗ ಅವರವರೊಳಗ ದೊಡ್ಡ ಗದ್ದಲ ಆತು. ಇನ್ನ ಕಡೀಕ ದೇವರು ಎಲ್ಲಾರನ್ನೂ ಸರಿಮಾಡಿ ಕರಕೋತಾನ ಅಂದವ್ರು ಮೂರನೇ ಶತಮಾನದ ಕ್ರೈಸ್ತ ಪಂಡಿತ ಒರಿಜೆನ್, ನಾಲ್ಕನೇ ಶತಮಾನದ ಬಿಷಪ್ ನಿಸ್ಸಾದ ಗ್ರೆಗೊರಿ. ಒರಿಜೆನ್ನನ ಹೆಸರಿಗೆ 553ರ ಸುಮಾರಿಗೆ ಖಂಡನೆ ಬಿತ್ತು, ಗ್ರೆಗೊರಿ ಮಾತ್ರ ಇವತ್ತಿಗೂ ಸಂತ. ಯಾಕೋ ಏನೋ.

ನಮ್ಮ ಚರ್ಚಿನಾಗ ಆರಾಧನೆಯೊಳಗ ವಿಶ್ವಾಸ ಪ್ರಮಾಣ ಹೇಳ್ತೀವಿ. ಜೀವಂತರಿಗೂ ಸತ್ತವರಿಗೂ ನ್ಯಾಯ ತೀರಿಸಾಕ ಬರ್ತಾನ ಅಂತ ಅದರಾಗ ಅದ. ಯಾರನ್ನ ಎಷ್ಟ ದಿನ ಸುಡ್ತಾರ ಅಂತ ಇಲ್ಲ.

ನಾ ಹೇಳಬೇಕಂದಿದ್ದು ಬ್ಯಾರೇನ ಅದ. ನರಕದ ಮಾತು ಯೇಸು ಯಾರಿಗೆ ಹೇಳಿದ್ರು ಅಂತ ನೋಡಬೇಕು. ಅವರು ನರಕ ಅಂತ ಕರದ ಗೆಹೆನ್ನ ಯೆರೂಸಲೇಮಿನ ತೆಂಕಣ ಕಡೆ ಇರೂ ಹಿನ್ನೋಮ್ ತಗ್ಗು, ಹಿಂದ ಅಲ್ಲಿ ಮಕ್ಕಳನ್ನ ಬೆಂಕಿಗೆ ಬಲಿ ಕೊಡ್ತಿದ್ರು ಅಂತ ಪ್ರವಾದಿ ಯೆರೆಮೀಯ ಬೈದಾನ. ಹೊಸ ಒಡಂಬಡಿಕಿ ಮೂಲದಾಗ ಆ ಹೆಸರು ಬರೂದು 12 ಕಡೆ, 11 ಯೇಸುವಿನ ಬಾಯಾಗ, ಒಂದು ಯಾಕೋಬನ ಪತ್ರದಾಗ. ಆ 11 ಮಾತೂ ಶಿಷ್ಯರಿಗೆ, ಇಲ್ಲಾ ಅವರ ಧರ್ಮದ ಪಂಡಿತರಿಗೆ, ಅಂದ್ರ ತಮ್ಮ ಮಂದಿಗೇನ. ಅಪೊಸ್ತಲರು, ಅಂದ್ರ ಯೇಸುವಿನ ಮಾತು ಸಾರಾಕ ಹೋದವ್ರು, ಹೊರಗಿನ ಮಂದಿಗೆ ಹೇಳಿದ್ದು ಅಪೊಸ್ತಲರ ಕೃತ್ಯಗಳು ಅನ್ನೂ ಪುಸ್ತಕದೊಳಗ ಅದ, ಅಲ್ಲಿ ಗೆಹೆನ್ನದ ಬೆಂಕಿ ತೋರಿಸಿ ಹೆದರಿಸಿದ್ದು ಒಂದೂ ಇಲ್ಲ. ಲೂಕ 16ರಾಗ ಪಾತಾಳದಾಗ ಯಾತನೆ ಪಡೂ ಸಾವಕಾರ ಏನ್ ತಪ್ಪು ಮಾಡಿದ್ದ? ಕೊಲಿ ಇಲ್ಲ, ಕಳವು ಇಲ್ಲ, ಅಬ್ರಹಾಮನ್ನ ಅಪ್ಪಾ ಅಂತ ಕರೀತಾನ, ಅಂದ್ರ ಒಳಗಿನಾಂವನ. ಬಾಗಲದಾಗ ಹುಣ್ಣಿನ ಮೈ ಹೊತ್ತು ಬಿದ್ದಿದ್ದ ಲಾಜರನ್ನ ದಿನಾ ದಾಟಿ ಹೋಗ್ತಿದ್ದ, ಅಷ್ಟ. ಮತ್ತಾಯ 25ನೂ ಪೂರಾ ಓದ್ರಿ, ಬರೇ 46ನೇ ವಾಕ್ಯ ಅಲ್ಲ. ಹಸದವಗ ಅನ್ನ ಕೊಟ್ಟಿಯೋ ಇಲ್ಲೋ, ಜೇಲಿನಾಗ ಇದ್ದವನ್ನ ನೋಡಾಕ ಹೋದಿಯೋ ಇಲ್ಲೋ, ತೀರ್ಪು ಅದರ ಮ್ಯಾಲೆ.

ಹಿಂಗಾಗಿ ಆವತ್ತಿನ ಪ್ರಸಂಗದಾಗ ಹೆದರಬೇಕಾದವ್ರು ಆಮೆನ್ ಅಂದವ್ರು, ನೀವಲ್ಲ.

ಹಾವೇರಿ_ಅಕ್ಕ
ನಾನು ಕ್ಯಾಥೊಲಿಕ್, ನಮ್ಮ ಕಡೆದ್ದೂ ಒಂಚೂರು ಸೇರಸ್ತೀನ್ರಿ. ನರಕ ಐತಿ, ಅದು ನಿತ್ಯ ಅಂತ ನಮ್ಮ ಚರ್ಚು ಇವತ್ತೂ ಹೇಳತೈತಿ, 1992ರ ಧರ್ಮೋಪದೇಶದಾಗನೂ ಐತಿ. ಆದ್ರ ಅದರಾಗ ಮುಖ್ಯ ಶಿಕ್ಷಾ ಅಂದ್ರ ಸುಡೂದಲ್ಲ, ದೇವರಿಂದ ಕಡಕೊಂಡು ದೂರ ಇರೂದು, ಅದನ್ನೂ ಮನಶ್ಯಾನ ಆರಿಸ್ಕೋತಾನಂತ. ಎರಡನೇ ಜಾನ್ ಪಾಲ್ ಪೋಪರು 1999ರ ಜುಲೈದಾಗ ಹೇಳಿದ್ದೂ ಹಂಗ, ನರಕ ಅಂದ್ರ ಒಂದ್ ಜಾಗಾ ಅನ್ನೂದಕ್ಕಿಂತ ಒಂದ್ ಸ್ಥಿತಿ ಅಂತ.

ತಮ್ಮಾ, ನಿಮ್ಮಜ್ಜನ ಪ್ರಶ್ನೆ ಕೇಳಿದಿ ಅಲ್ಲ. 1964ರಾಗ ವ್ಯಾಟಿಕನ್ ಮಹಾಸಭಾ ಸ್ಪಷ್ಟ ಬರದೈತಿ, ತನ್ನ ತಪ್ಪಿಲ್ಲದ ಕ್ರಿಸ್ತನ್ನ ಅರಿಯದಾಂವ ಮನಸ್ಸಾಕ್ಷಿ ಹೇಳಿದಂಗ ದೇವರನ್ನ ಹುಡುಕಿ ಬಾಳೇ ಮಾಡಿದ್ರ ಅವಗೂ ರಕ್ಷಣೆ ಸಿಗಬಹುದು ಅಂತ. ಇನ್ನೊಂದು, ನಮ್ಮ ಚರ್ಚು ಸಾವಿರಾರು ಮಂದಿನ್ನ ಇವರು ಸಂತರು ಸ್ವರ್ಗದಾಗ ಅದಾರ ಅಂತ ಹೆಸರ ಹಿಡದ ಘೋಷಣಾ ಮಾಡೈತಿ, ಇಂಥಾಂವ ನರಕದಾಗ ಅದಾನ ಅಂತ ಒಬ್ಬನ ಹೆಸರೂ ಹಂಗ ಹೇಳಿಲ್ಲ, ಯೇಸುನ್ನ ಹಿಡಕೊಟ್ಟ ಶಿಷ್ಯ ಯೂದನ್ನೂ ಸೇರಿ. ಚರ್ಚಿಗೇ ಇಲ್ಲದ ಧೈರ್ಯ ಪಾಸ್ಟರಿಗೆ ಎಲ್ಲಿಂದ ಬಂತೋ!

ಕೇಶ್ವಾಪುರ_ವಿಶ್ವಾಸಿ
ಅಕ್ಕಾರ, ಪಾಸ್ಟರ್ ಯಾರ ಹೆಸರೂ ತಗೊಂಡಿಲ್ಲ, ಅವರ ಅಜ್ಜನ ಹೆಸರಂತೂ ತಗೊಂಡಿಲ್ಲ, ಅದನ್ನ ನೆನಪಿಡ್ರಿ. ಮಾಸ್ತರ, ನೀವು ಅಪೊಸ್ತಲ ಪೌಲನ್ನ ಬಿಟ್ರಿ. 2 ಥೆಸಲೋನಿಕ 1:9 ಏನ್ ಹೇಳತೈತಿ, ದೇವರನ್ನ ಅರಿಯದವರಿಗೆ ನಿತ್ಯನಾಶನ ಅಂತ ಇಲ್ಲೇನ್ರಿ? ಅಥೇನೆ ಊರಾಗ ನಿಂತು ದೇವರು ಲೋಕಕ್ಕ ನ್ಯಾಯತೀರ್ಪಿನ ದಿನ ಗೊತ್ತು ಮಾಡ್ಯಾನ ಅಂದಿದ್ದು ಹೊರಗಿನ ಮಂದಿಗೇ ಅಲ್ಲೇನು? 1837ರಾಗ ಧಾರವಾಡಕ್ಕ ಬಂದ ಬಾಸೆಲ್ ಮಿಶನರಿಗಳು ಇಲ್ಲಿಯವರು ಹೆಂಗಿದ್ರೂ ಪಾರಾಗ್ತಾರ ಅಂದ್ಕೊಂಡಿದ್ರ ಹಡಗ ಹತ್ತತಿದ್ರೇನ್ರಿ?

ಗೋಕುಲ್‌ರೋಡ್_ಹುಡ್ಗ
ಇಷ್ಟ ಉತ್ತರ ಬರ್ತಾವಂತ ಅನ್ಕೊಂಡಿರಲಿಲ್ರಿ. ಕೇಶ್ವಾಪುರ ಅಣ್ಣಾರ, ನಿಮ್ಮ ಮಾತು ನಂಗ ಒಪ್ಪಿಗಿ ಆಗಲಿಲ್ಲ, ಆದ್ರ ನಿಮ್ಮಪ್ಪನ ವಿಷಯ ಬರದಿದ್ದು ಓದಿ ಸಿಟ್ಟ ಬರಲಿಲ್ಲ. ನಿಮ್ಮಂಗ ಆ ದೋಸ್ತ ಬಾಯಿ ಬಿಟ್ಟ ಹೇಳಿದ್ರ ಸಾಕಾಗಿತ್ತು. ಮಾಸ್ತರ, ಅವರ ಕಡೀ ಪ್ರಶ್ನಿಗೆ ಏನಂತೀರಿ?

ಹಳೇಮಾಸ್ತರ್_ಧಾರವಾಡ
ಥೆಸಲೋನಿಕದ ಮಾತು ಸರಿ ಅದ, ಅದನ್ನ ಅಳಿಸಾಕ ಬರೂದಿಲ್ಲ, ಆದ್ರ ಅಲ್ಲೂ ನಾಶನ ಅಂತನ ಅದ, ಮತ್ತ ಆ ಮಾತು ಪೆಟ್ಟು ತಿನ್ನಾಕತ್ತಿದ್ದ ಸಭಿಗೆ ಧೈರ್ಯ ಹೇಳಾಕ ಬರದ ಪತ್ರದಾಗಿಂದು. ಅಥೇನೆದಾಗ ಪೌಲ ನ್ಯಾಯತೀರ್ಪಿನ ದಿನ ಅಂದ, ಬೆಂಕಿ ಅನ್ನಲಿಲ್ಲ. ಮಿಶನರಿಗಳ ವಿಷಯ ನೀವು ಹೇಳೂದು ಖರೆ. ನರಕದ ಅಂಜಿಕಿ ಅವರಿಗೆ ಇತ್ತು, ಇಲ್ಲಿ ಜನಾ ಹಾಳಾಗ್ತಾರ ಅಂತನ ಬಂದ್ರು, ಬಂದವ್ರು ಎಷ್ಟೋ ಮಂದಿ ಜ್ವರಕ್ಕ ಸಣ್ಣ ವಯಸ್ಸಿನಾಗ ಸತ್ರು. ಅಷ್ಟ ನಂಬಿಕಿ ಇದ್ದವ್ರು ಬರೇ ಹೆದರಿಸಿ ಹೋಗಲಿಲ್ಲ, ಸಾಲಿ ತಗದ್ರು, ಕಿಟೆಲ್ ಸಾಹೇಬ್ರು ಕೂತು ಕನ್ನಡ ನಿಘಂಟು ಮಾಡಿ 1894ರಾಗ ಅಚ್ಚು ಹಾಕಿಸಿದ್ರು. ಒಂದ್ ಸಂಜಿಗೆ ಬಂದು ನರಕ ಹೇಳಿ ಊಟ ಮಾಡಿ ಹೋಗೂ ಪಾಸ್ಟರಿಗೂ ಅವರಿಗೂ ನೀವು ಹೋಲಿಕಿ ಮಾಡಬ್ಯಾಡ್ರಿ.

ಕೇಶ್ವಾಪುರ_ವಿಶ್ವಾಸಿ
ಊಟ ಮಾಡಿದ್ರು ಅಂತ ಯಾರ್ ಹೇಳಿದ್ರು ಮಾಸ್ತರ 🙂 ಉಳಿದಿದ್ದಕ್ಕ ನಾಳಿ ಬರೀತೀನಿ, ಈಗ ಡ್ಯೂಟಿ ಐತಿ.