ಈ ಸಲದ ಸಮಸ್ಯೆ: ತೋಳ ಯಾರನ್ನು ತಿಂತು?

ಪದ್ಯಪ್ರಿಯ:
ಕೊನೆಸಾಲು ಕೊಟ್ಟಿದ್ದೇನೆ, ಮೇಲಿನ ಮೂರು ನಿಮ್ಮವು.
"ಬಿಚ್ಚುವವನನ್ನುಂಡು ಮಡಿಚಿತೈ ತೋಳ"
ಗಣ 5-5-5-3, ಪ್ರಾಸ ಚ್ಚ. ಸುಳಿವು: ಮುಂಗೈಯ ಒಂದು ಸ್ನಾಯು.

ಅರೆಗವಿ:
ಸ್ನಾಯು ಅಂತ ಹೇಳದೇ ಇದ್ದಿದ್ರೆ ಕಾಡಿನ ತೋಳವನ್ನೇ ತಂದುಬಿಡ್ತಿದ್ದೆ! ಬ್ರೇಕಿಯೋರೇಡಿಯಾಲಿಸ್ ಅಲ್ವಾ? ಹಳೇ ಪುಸ್ತಕಗಳಲ್ಲಿ ಅದಕ್ಕೆ ಸುಪಿನೇಟರ್ ಲಾಂಗಸ್ (ಅಂಗೈ ಮೇಲೆ ತಿರುಗಿಸೋ ಉದ್ದದ್ದು) ಅನ್ನೋ ಹೆಸರಿತ್ತು, ಅದನ್ನೇ ಹಿಡಿದು ಒಂದು ಸಾಲು:
"ಮೆಚ್ಚಿ ಅಂಗೈಯನು ಮೇಲೆ ತಿರುಗಿಸುವ"

ಮಾತ್ರೆಲೆಕ್ಕ:
ಎರಡನೇ ಗಣದಲ್ಲಿ ಒಂದು ಮಾತ್ರೆ ಕಮ್ಮಿ. 'ಅಂಗೈಯನ್ನು' ಮಾಡಿದರೆ ಸರಿಹೋಗುತ್ತೆ, ಆದರೆ ವಿಷಯವೇ ತಪ್ಪಿದೆಯಲ್ಲ. ಆ ಹಳೇ ಹೆಸರು ಸುಮ್ನೆ ದಾರಿ ತಪ್ಪಿಸುತ್ತೆ. ಅಂಗೈ ಕೆಳಗಿರಲಿ ಮೇಲಿರಲಿ, ಈ ಸ್ನಾಯು ಅದನ್ನು ನಡುವಿಗೆ, ಅಂದರೆ ಹೆಬ್ಬೆರಳು ಮೇಲೆ ಬರೋ ಹಾಗೆ, ತಂದು ನಿಲ್ಲಿಸುತ್ತೆ ಅಷ್ಟೆ. ಮುಖ್ಯ ಕೆಲಸ ಮೊಣಕೈ ಮಡಿಸೋದು. ಸುತ್ತಿಗೆ ಹಿಡಿದ ಹಾಗೆ ಮುಷ್ಟಿ ಮಾಡಿ, ಇನ್ನೊಂದು ಕೈಯಿಂದ ಮಣಿಕಟ್ಟನ್ನು ಕೆಳಗೆ ಒತ್ತುತ್ತಾ ಮೊಣಕೈ ಮಡಿಸಿ ನೋಡಿ, ಹೆಬ್ಬೆರಳ ಕಡೆ ಉಬ್ಬಿ ಬರುತ್ತೆ. ಈಗಿನ ಹೆಸರು ಕೆಲಸದ ಗೊಡವೆಗೇ ಹೋಗಲ್ಲ: ಬ್ರೇಕಿಯಂ ಅಂದರೆ ತೋಳು, ರೇಡಿಯಸ್ ಅಂದರೆ ಗಾಲಿಯ ಅರ, ಮುಂಗೈಯಲ್ಲಿ ಹೆಬ್ಬೆರಳ ಕಡೆಯ ಎಲುಬಿಗೆ ಅದೇ ಹೆಸರು. ಎಲ್ಲಿಂದ ಎಲ್ಲಿಗೆ ಅನ್ನೋದಷ್ಟೇ. ನನಗೆ ಇದೇ ಇಷ್ಟ.

ಹೊಸಬಿ:
ನನ್ನದೊಂದು ಪ್ರಯತ್ನ, ಬೈಬೇಡಿ.
ಹಚ್ಚಿಹುದು ತೋಳೆಲುಬ ಕೆಳಗಡೆಗೆ ಬುಡವ
ಕಚ್ಚಿಹುದು ಹೆಬ್ಬೆರಳ ಬದಿಯೆಲುಬ ತುದಿಯ
ಅಚ್ಚರಿಯ ಕೇಳಯ್ಯ, ನರದ ಋಣ ಹೊತ್ತು
ಬಿಚ್ಚುವವನನ್ನುಂಡು ಮಡಿಚಿತೈ ತೋಳ

'ಬಿಚ್ಚುವವನನ್ನು ಉಂಡು' ಅಂತ ಬಿಡಿಸಬೇಡಿ. 'ಬಿಚ್ಚುವವನ ಅನ್ನ ಉಂಡು'. ಮೊಣಕೈ ಬಿಚ್ಚೋ ಟ್ರೈಸೆಪ್ಸ್‌ಗೂ, ಮಣಿಕಟ್ಟು ಮತ್ತು ಬೆರಳು ಹಿಂದಕ್ಕೆತ್ತೋ ಸ್ನಾಯುಗಳಿಗೂ ಹೋಗೋದು ರೇಡಿಯಲ್ ನರ. ಇದೂ ಅದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತೆ, ಎದ್ದು ಹೋಗಿ ಮಡಿಸೋರ ಕೆಲಸ ಮಾಡುತ್ತೆ!

ಅರೆಗವಿ:
ಅಯ್ಯೋ, ನಾನು ಇನ್ನೂ ತೋಳದ ಹಿಂದೇನೇ ಇದ್ದೆ.

ಮಾತ್ರೆಲೆಕ್ಕ:
ಲೆಕ್ಕ ಎಲ್ಲ ಸರಿ. ಒಂದೇ ತಕರಾರು: ಅನ್ನ ಬಂದಮೇಲೆ ಋಣ ಯಾಕೆ, ಒಂದೇ ಮಾತು ಎರಡು ಸಲ ಆಯ್ತು.

ಹೊಸಬಿ:
ಪ್ರಾಸಕ್ಕೆ ಅಲ್ಲ ಸಾರ್, ಐದು ಮಾತ್ರೆ ತುಂಬೋಕೆ 😄

ಪದ್ಯಪ್ರಿಯ:
ಒಪ್ಪಿದೆ. ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ಬಿಡಿಸುವಿಕೆಯೂ ಅದೇ. ಮುಂದಿನ ಸಾಲು ನೀವೇ ಕೊಡಿ.

ಹೊಸಬಿ:
"ಇಲ್ಲದವನಿಗೆ ಕೊರತೆಯೆಂಬುದೇನಿಲ್ಲ"
ಮುಂಗೈಯಲ್ಲೇ ಇರೋಣ. ಹೆಬ್ಬೆರಳು ಕಿರುಬೆರಳು ಒತ್ತಿ ಹಿಡಿದು ಮಣಿಕಟ್ಟು ಸ್ವಲ್ಪ ಬಾಗಿಸಿ. ನಡುವೆ ಹಗ್ಗದ ಹಾಗೆ ಒಂದು ಎದ್ದರೆ ನಿಮಗುಂಟು. ನನ್ನ ಎಡಗೈಯಲ್ಲಿ ಏಳಲಿಲ್ಲ.